ಹವಳ ಕೊಯ್ದ ಕೈ

ನನ್ನ ಮಾವನ ಉಗುರುಗಳ ಬುಡ ವರ್ಷವಿಡೀ ನೀಲಿ. ಅಡಿಕೆಗೆ ಮದ್ದು ಬಿಡಲು ಮೈಲುತುತ್ತು ಕದಡಿ ಕದಡಿ ಹಿಡಿದ ಬಣ್ಣ ಅದು, ಸೋಪಿಗೂ ಹೋಗದು, ಹುಳಿಗೂ ಹೋಗದು. ಆ ಕೈಗೆ ಈಶ್ವರಮಂಗಲದ ಸುತ್ತ ಹೆದರದವರು ಕಡಿಮೆ. ಮಿಕ್ಸಿ ನಿಂತರೆ ಮಿಕ್ಸಿಗೆ ಬೀಳುತ್ತಿತ್ತು, ಎದುರು ಮಾತಾಡಿದರೆ ಮನುಷ್ಯರಿಗೆ. "ಒಂದು ಬಿದ್ರೆ ಸರಿ ಆಗ್ತದೆ" ಎನ್ನುತ್ತಿದ್ದರು. ಬೇಲಿಯ ಜಗಳದಲ್ಲಿ ನೆರೆಯವನ ಎರಡು ಹಲ್ಲು ಉದುರಿಸಿ, ಆಮೇಲೆ ತಾವೇ ಅವನನ್ನು ಜೀಪಿಗೆ ಹತ್ತಿಸಿ ಪುತ್ತೂರಿನ ಆಸ್ಪತ್ರೆಗೆ ತಂದವರು. ಊರಿಗೆಲ್ಲ ಏಕವಚನ, ಅಳಿಯನಾದ ನನಗೆ ಮಾತ್ರ 'ನೀವು'.

ನನ್ನ ಹೆಂಡತಿಯ ಎಡ ಹುಬ್ಬಿನಲ್ಲಿ ಕೂದಲು ಬಾರದ ಒಂದು ಗೆರೆ ಉಂಟು. ಹತ್ತನೆಯ ವಯಸ್ಸಿನಲ್ಲಿ ಅಪ್ಪ ಎಸೆದ ಚೊಂಬು ಮಾಡಿದ ಗಾಯ. ನನ್ನನ್ನು ಒಪ್ಪುವ ಮೊದಲು ಅಪ್ಪನ ಎದುರೇ ಅವಳು ಕೇಳಿದ್ದು ಒಂದೇ. "ಕೈ ಎತ್ತುವ ಅಭ್ಯಾಸ ಉಂಟಾ? ಯಾರ ಮೇಲೆ ಎತ್ತಿದ್ರೂ ನಾನು ಮತ್ತೆ ಆ ಮನೆಯಲ್ಲಿ ಇರುದಿಲ್ಲ." ಇಲ್ಲ ಎಂದೆ. ಆಗ ಅದು ಸತ್ಯವೇ ಆಗಿತ್ತು.

ಪುತ್ತೂರಿನ ನಮ್ಮ ಬಾಡಿಗೆ ಮನೆಯಲ್ಲಿ ಉಪ್ಪುನೀರಿನ ಒಂದು ಅಕ್ವೇರಿಯಂ ಇಟ್ಟಿದ್ದೆ. ಅದರಲ್ಲಿ ನಾಲ್ಕಾರು ಸಿಗಡಿ, ಮತ್ತೆ ಅಣಬೆಯ ಹಾಗೆ ಕೊಡೆ ಬಿಚ್ಚುವ ಮೆತ್ತನೆಯ ಹವಳ. ಮಂಗಳೂರಿನ ಗೆಳೆಯ "ಇದು ಸಾಯ್ತದೆ, ಬೇಕಾದ್ರೆ ಕೊಂಡುಹೋಗು ಮಾರಾಯ" ಎಂದು ಕೊಟ್ಟದ್ದು. ನಾಲ್ಕು ತಿಂಗಳು ನೀರು ಬದಲಿಸಿ, ಬೆಳಕು ಹೊಂದಿಸಿ ಬದುಕಿಸಿಕೊಂಡಿದ್ದೆ. ಅದರ ಮೈಮೇಲೆ ಸಣ್ಣ ಸಣ್ಣ ಬಾಯಿಗಳು ಅರಳಿದ ದಿನ ಆಫೀಸಿಗೆ ರಜೆ ಹಾಕಿ ಎದುರು ಕೂತಿದ್ದೆ. ಹುಚ್ಚು, ಒಪ್ಪುತ್ತೇನೆ.

ಅತ್ತೆ ತೀರಿಕೊಂಡ ಮೇಲೆ ಮಾವ ಒಂದು ತಿಂಗಳು ನಮ್ಮಲ್ಲಿ ಬಂದು ನಿಂತರು. ಬರುವಾಗ ಒಂದು ಬಕೆಟ್ ತುಂಬ ಸೌತೆ, ಬಸಳೆ. ಮಗಳು ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅವರು ಇಡೀ ದಿನ ಹವಳದ ಮುಂದೆ ಕೂರುತ್ತಿದ್ದರು.

ಒಂದು ಸಂಜೆ ನಾನು ಬರುವಾಗ ಸಿಗಡಿಗಳೆಲ್ಲ ಸತ್ತು ತಳದಲ್ಲಿ ಬಿದ್ದಿದ್ದವು. ಹವಳ ಮುದುಡಿ ಲೋಳೆ ಬಿಡುತ್ತಿತ್ತು. ಮಾವ ಎದ್ದು ಬಂದು ಹೇಳಿದರು, "ನೀರು ಕಮ್ಮಿ ಆಗಿತ್ತು. ನೀವು ಮಾಡುದು ನೋಡಿದ್ದೆನಲ್ಲ, ಹಾಗೇ ಉಪ್ಪು ಕದಡಿ ಹೊಯ್ದೆ." ಪಕ್ಕದಲ್ಲಿ ಅವರ ಬಕೆಟ್ಟು. ಒಳಗೆಲ್ಲ ನೀಲಿ ಕರೆ. ವರ್ಷಗಟ್ಟಲೆ ಮೈಲುತುತ್ತು ಕರಗಿಸಿದ ಬಕೆಟ್ಟು ಅದು. ಅದರ ತಾಮ್ರ ಅಡಿಕೆಗೆ ಮದ್ದು, ಹವಳಕ್ಕೆ ವಿಷ.

ನಾನು ಹೊಡೆದೆ. ಕೆನ್ನೆಗೆ, ಬೀಸಿ. ಎಪ್ಪತ್ತು ದಾಟಿದ ಮನುಷ್ಯ ಮೇಜಿನ ಮೂಲೆಗೆ ಹೋಗಿ ಬಿದ್ದರು. ತುಟಿ ಒಡೆದು ಬನಿಯನಿನ ಮೇಲೆ ರಕ್ತ ಇಳಿಯಿತು. ಸಾಲದ್ದಕ್ಕೆ ಬಕೆಟ್ಟನ್ನು ಗೋಡೆಗೆ ಅಪ್ಪಳಿಸಿದೆ. ಅವರ ಆ ಕೈ ಈಗ ಏಳುತ್ತದೆ ಎಂದು ಕಾದೆ. ನಿಜ ಹೇಳುವುದಾದರೆ ಏಳಲಿ ಎಂದೇ ಆಸೆಪಟ್ಟೆ. ಅವರು ಎರಡೂ ಕೈಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೂತರು.

"ಅವಳಿಗೆ ಹೇಳುದು ಬೇಡ" ಎಂದರು. "ಅವಳು ಹೇಳಿದ ಹಾಗೆ ಮಾಡುವವಳು. ಹೋಗ್ತಾಳೆ."

ಹೆಂಡತಿ ಕೆಲಸದಿಂದ ಬಂದವಳು ಬಾತ ತುಟಿ ನೋಡಿ ಎಂತ ಆಯಿತು ಎಂದಳು.

"ಬಚ್ಚಲಲ್ಲಿ ಜಾರಿದೆ."

"ಪೆಟ್ಟು ಅಂದ್ರೆ ಎಂತ ಅಂತ ಈಗ ಗೊತ್ತಾಯ್ತಾ ಅಪ್ಪ?"

"ಗೊತ್ತಾಯ್ತು ಮಗಳೇ" ಎಂದರು ಮಾವ. ನಾನು ಪಕ್ಕದಲ್ಲೇ ನಿಂತು ಸತ್ತ ಸಿಗಡಿಗಳನ್ನು ಹೆಕ್ಕುತ್ತಿದ್ದೆ.

ನೀರೆಲ್ಲ ಬದಲಿಸಿದರೂ ಎರಡು ದಿನದಲ್ಲಿ ಹವಳದ ಅರ್ಧ ಮೈ ಕಪ್ಪಾಗಿ ಕೊಳೆಯತೊಡಗಿತು. ಮನೆಯೆಲ್ಲ ಕೊಳೆತ ಮೀನಿನ ವಾಸನೆ. ಇನ್ನು ಕೊಯ್ಯದೆ ದಾರಿ ಇರಲಿಲ್ಲ. ಹೊಸ ಬ್ಲೇಡು ಹಿಡಿದು ನಾನು ಅಂಚನ್ನಷ್ಟೇ ಕೆರೆದೆ. "ಹಾಗೆ ಕೆರೆದ್ರೆ ಆಗುದಿಲ್ಲ, ಇಲ್ಲಿ ಕೊಡಿ" ಎಂದು ಮಾವ ರಬ್ಬರಿನ ಗವಸು ಹಾಕಿದರು. ಕೊಳೆತದ್ದನ್ನಷ್ಟೇ ಅಲ್ಲ, ಪಕ್ಕದ ಒಳ್ಳೆಯ ಮಾಂಸವನ್ನೂ ಒಂದು ಬೆರಳಗಲ ಸೇರಿಸಿ ಕೊಯ್ದರು. ದಯೆ ತೋರಿಸಲಿಲ್ಲ. ಉಳಿದ ಬಿಳಿಯ ತುಂಡನ್ನು ನಾನು ಅಯೋಡಿನ್ ಬೆರೆಸಿಟ್ಟಿದ್ದ ಉಪ್ಪುನೀರಿನಲ್ಲಿ ಅದ್ದಿ, ಕಲ್ಲಿಗೆ ನೂಲಿನಲ್ಲಿ ಕಟ್ಟಿದರು. ಗಂಟು ಹಾಕುವಾಗ ಮಾತ್ರ ಉಸಿರು ಹಿಡಿದಿದ್ದರು. "ಇದು ನನಗೆ ಮೊದಲೇ ಬರ್ಬೇಕಿತ್ತು" ಎಂದರು.

ಆರು ವಾರ ಬಿಟ್ಟು ಆ ತುಂಡಿನ ಮೇಲೆ ಮೊದಲ ಬಾಯಿ ಅರಳಿತು. ಅಷ್ಟರಲ್ಲಿ ಅವರು ಊರಿಗೆ ಹೋಗಿಯಾಗಿತ್ತು. ಆಮೇಲೆ ಬಂದಾಗಲೆಲ್ಲ ಅದರ ಮುಂದೆ ಕೈಗಳನ್ನು ಕಂಕುಳಲ್ಲಿ ಅಡಗಿಸಿಯೇ ಕೂತರು.

ಈ ಮಳೆಗಾಲದ ಮೊದಲು ಎದೆನೋವು ಬಂದು ಹೋಗಿಬಿಟ್ಟರು. ಸ್ನಾನ ಮಾಡಿಸುವಾಗ ಅಂದು ಒಡೆದ ಕೆಳತುಟಿಯ ಸಣ್ಣ ಗಂಟು ನನ್ನ ಬೆರಳಿಗೆ ತಾಗಿತು. ಹೊರಗೆ ಹಲ್ಲು ಕಳೆದುಕೊಂಡಿದ್ದ ಆ ನೆರೆಯವನೇ ನನ್ನ ಹೆಗಲ ಮೇಲೆ ಕೈಯಿಟ್ಟ. "ನಿಮ್ಮ ವಿಷಯ ಯಾವಾಗಲೂ ಹೇಳ್ತಿದ್ರು ಮಾರಾಯ್ರೆ. ನಮ್ಮ ಅಳಿಯ ಒಂದು ಇರುವೆಗೂ ಹೊಡೆದವರಲ್ಲ, ಮಗಳು ನನ್ನ ಕೈಯಿಂದ ತಪ್ಪಿ ಒಳ್ಳೆ ಕೈಗೆ ಬಿದ್ಲು ಅಂತ." ಪಕ್ಕದಲ್ಲಿದ್ದ ಹೆಂಡತಿ ಅಳುತ್ತಲೇ ತಲೆಯಾಡಿಸಿದಳು.

ಇದನ್ನು ಬರೆದು ಮೊದಲು ಅವಳ ಕೈಗೇ ಕೊಡುತ್ತಿದ್ದೇನೆ. ಓದಿ ಅವಳು ಹೋಗುವುದಾದರೆ ತಡೆಯಲು ನನಗೆ ಬಾಯಿಲ್ಲ. ಆದರೆ ಅವಳ ಅಪ್ಪ ಅಂದು ಬಚ್ಚಲಲ್ಲಿ ಜಾರಿರಲಿಲ್ಲ.