ಆ ಅಂಚು ಬರೆದದ್ದು ನಾನು

ನಮ್ಮ ಕೊಳ್ಳೇಗಾಲ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಯಳಂದೂರಿನ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಮೈಸೂರು ಮಹಾರಾಜರ ಸೀಮೆ ಸಿಗುತ್ತಿತ್ತು. ಆದರೆ ಕಚೇರಿಯ ಹುಕುಂ, ಪರೀಕ್ಷೆಯ ಫಲಿತಾಂಶ ಎಲ್ಲವೂ ನಮಗೆ ಬರುತ್ತಿದ್ದದ್ದು ನಮ್ಮ ಬೀದಿಯಲ್ಲಿ ಯಾರೂ ಕಂಡಿರದ ಆ ದೂರದ ಮದರಾಸು ಪಟ್ಟಣದಿಂದ. ಎಸ್ಸೆಸ್ಸೆಲ್ಸಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋಗಿ ಎರಡು ತಿಂಗಳು ಇದ್ದು ಬಂದೆ. ನನ್ನನ್ನು ಕರೆಸಿಕೊಂಡವನು ನನ್ನ ಗೆಳೆಯ.

ಅವನು ಬಂಡಳ್ಳಿಯವನು. ಹೈಸ್ಕೂಲಿಗೆಂದು ಕೊಳ್ಳೇಗಾಲಕ್ಕೆ ಬಂದು ನಮ್ಮ ಬೀದಿಯಲ್ಲೇ ಒಂದು ಕೋಣೆ ಹಿಡಿದಿದ್ದ. ನನಗಿಂತ ಎರಡು ಕ್ಲಾಸು ಮುಂದೆ. ರಾತ್ರಿಯ ಊಟ ನಮ್ಮ ಮನೆಯಲ್ಲೇ. ನನ್ನ ತಾಯಿಯನ್ನು ಅವನೂ ಅವ್ವ ಎಂದೇ ಕರೆಯುತ್ತಿದ್ದ. ಓದು ಮುಗಿದ ಮೇಲೆ ಮದರಾಸಿನ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುವ ಕೆಲಸ ಸಿಕ್ಕಿ ಹೊರಟುಹೋದ. ಅಲ್ಲಿಂದ ಕಾಗದ ಬಂತು. ಕೋಣೆಯಲ್ಲಿ ಜೊತೆಗಿದ್ದವನು ಬೇಸಿಗೆಗೆ ಊರಿಗೆ ಹೋಗುತ್ತಿದ್ದಾನೆ, ಅವನ ಪಾಲಿನ ಬಾಡಿಗೆ ಕಟ್ಟಿಯಾಗಿದೆ, ಜಾಗ ಖಾಲಿ ಇದೆ, ಬಂದು ಊರು ನೋಡು. ನಿನ್ನ ಗ್ರಾಫ್ ಪುಸ್ತಕ ಮರೆಯಬೇಡ ಎಂದು ಕೊನೆಯಲ್ಲಿ ಬರೆದಿದ್ದ.

ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಆ ವರ್ಷ ನೂಲಿಗೆ ಬರ ಬಂದು ಮಗ್ಗ ಸುಮ್ಮನೆ ನಿಂತಿತ್ತು. "ಓಗ್ಬರ್ಲಿ ಬುಡು, ಇಲ್ಲಿದ್ದು ಏನ್ ಮಾಡಾನು?" ಎಂದು ಅವ್ವನಿಗೆ ಹೇಳಿದರು. ಅವ್ವ ಒಂದು ಡಬ್ಬಿ ತುಂಬ ಹುರಿಹಿಟ್ಟು, ಎರಡು ಅಚ್ಚು ಬೆಲ್ಲ ಕಟ್ಟಿಕೊಟ್ಟಳು. ಮದ್ದೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ಮದರಾಸಿನಲ್ಲಿ ಇಳಿದಾಗ ಗೆಳೆಯ ಸ್ಟೇಷನ್ನಿಗೆ ಬಂದು ಕಾಯುತ್ತಿದ್ದ. ನನ್ನ ಟ್ರಂಕನ್ನು ಕಿತ್ತುಕೊಂಡು ತಾನೇ ಹೊತ್ತ.

ಕೋಣೆ ತಿರುವಲ್ಲಿಕ್ಕೇಣಿಯ ಒಂದು ಸಂದಿಯಲ್ಲಿತ್ತು. ಒಳಗೆ ಬೆಂಕಿಯಂಥ ಸೆಕೆ. ಮಲಗುವುದು ತಾರಸಿಯ ಮೇಲೆ. ಕಡಿಮೆ ಕಾಸಿನಲ್ಲಿ ಆ ಪಟ್ಟಣವನ್ನು ನೋಡುವುದು ಹೇಗೆಂದು ಗೆಳೆಯ ಮೊದಲ ದಿನವೇ ಪಾಠ ಹೇಳಿದ. ಹೋಗುವಾಗ ಟ್ರಾಮು ಹತ್ತು, ಬರುವಾಗ ಬಿಸಿಲು ತಗ್ಗಿರುತ್ತದೆ, ನಡೆದು ಬಾ. ಬೆಳಿಗ್ಗೆ ಅವ್ವನ ಹುರಿಹಿಟ್ಟು, ಮಧ್ಯಾಹ್ನ ಮೆಸ್ಸಿನಲ್ಲಿ ಹೊಟ್ಟೆ ಬಿರಿಯುವಂತೆ ಒಂದೇ ಊಟ, ಸಂಜೆ ಕಡಲ ದಂಡೆಯಲ್ಲಿ ಬೇಯಿಸಿದ ಕಡಲೆಯ ಸುಂಡಲ್. ಮ್ಯೂಸಿಯಮ್ಮಿಗೆ ಕಾಸು ಕೊಡಬೇಕಿಲ್ಲ. ಹಳೇ ಪುಸ್ತಕದ ಅಂಗಡಿಗಳಲ್ಲಿ ನಿಂತು ಓದಿದರೆ ಒಂದು ಗಂಟೆಯವರೆಗೆ ಯಾರೂ ಕೇಳುವುದಿಲ್ಲ, ಆಮೇಲೆ ಪಕ್ಕದ ಅಂಗಡಿಗೆ ಹೋಗಬೇಕು. ಊರಿನವರು ಮ್ಯೂಸಿಯಮ್ಮನ್ನು ಸತ್ತ ಕಾಲೇಜು, ಮೃಗಾಲಯವನ್ನು ಜೀವದ ಕಾಲೇಜು ಎಂದು ತಮಿಳಿನಲ್ಲಿ ಕರೆಯುತ್ತಿದ್ದರು. ನಾನು ಎರಡೂ ಕಾಲೇಜಿಗೆ ಸೇರಿಕೊಂಡೆ.

ಅವನು ಅಂಗಡಿಗೆ ಹೋದ ಮೇಲೆ ಒಬ್ಬನೇ ಅಲೆಯುತ್ತಿದ್ದೆ. ಚಿಕ್ಕಂದಿನಿಂದ ನನಗೆ ಚಿತ್ರ ಬರೆಯುವ ಚಟ. ಏನು ಕಂಡರೂ ಅದು ಸೀರೆಯ ಅಂಚಾದರೆ ಹೇಗಿರುತ್ತದೆ ಎಂದು ಗ್ರಾಫ್ ಕಾಗದದ ಚೌಕಗಳಲ್ಲಿ ತುಂಬಿಸುತ್ತಿದ್ದೆ. ಮ್ಯೂಸಿಯಮ್ಮಿನ ಕಂಚಿನ ವಿಗ್ರಹದ ಸೊಂಟಪಟ್ಟಿ, ಹೈಕೋರ್ಟಿನ ಗೋಪುರದ ಕಿಟಕಿ, ಕಲ್ಯಾಣಿಯ ಮೆಟ್ಟಿಲು. ಪುಟದ ಮೂಲೆಯಲ್ಲಿ ಅದನ್ನು ಕಂಡ ಜಾಗದ ಹೆಸರು ಬರೆಯುತ್ತಿದ್ದೆ. ಸಂಜೆ ಅವನು ಬಂದವನೇ ಅಂಗಿ ಬಿಚ್ಚುವ ಮೊದಲು ಕೇಳುತ್ತಿದ್ದ.

"ಇವತ್ತೇನ್ ಬರ್ದೆ? ತೋರ್ಸ್ಲಾ."

ಪುಟ ತಿರುವಿ ನೋಡಿ, "ನಿನ್ ಕೈಲಿ ಅದೇನಿದ್ದದ್ಲಾ!" ಎನ್ನುತ್ತಿದ್ದ. ನನಗೆ ಹಿಗ್ಗು. ಹಾಗೆ ಹೇಳುವವರು ಊರಿನಲ್ಲಿ ಯಾರೂ ಇರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಇಬ್ಬರೂ ಕಡಲಿಗೆ ಹೋದೆವು. ಬೆಸ್ತರು ದಿಮ್ಮಿಗಳನ್ನು ಬಿಗಿದು ಮಾಡಿದ ತಮ್ಮ ದೋಣಿಗಳನ್ನು, ಕಟ್ಟುಮರಗಳನ್ನು, ಎಳೆದು ಮರಳಿನ ಮೇಲೆ ಸಾಲಾಗಿ ಒಣಗಲು ಬಿಟ್ಟಿದ್ದರು. ಒಂದೊಂದರ ಮೂತಿಯೂ ಮೇಲಕ್ಕೆ ಬಾಗಿತ್ತು. ನಡುನಡುವೆ ಕಾಗೆಗಳು ಕೂತಿದ್ದವು. ನಾನು ಅಲ್ಲೇ ಕುಳಿತು ಬರೆದೆ. ಬಾಗಿದ ಮೂತಿ, ಆಮೇಲೊಂದು ಚುಕ್ಕಿ, ಮತ್ತೆ ಬಾಗಿದ ಮೂತಿ. ಬಿಸಿಲೇರುವವರೆಗೂ ಅವನು ನನ್ನ ಪಕ್ಕದಲ್ಲಿ ನಿಂತು ತನ್ನ ಮೇಲುವಸ್ತ್ರದಿಂದ ನನ್ನ ತಲೆಗೆ ನೆರಳು ಹಿಡಿದಿದ್ದ. ಆ ಎರಡು ತಿಂಗಳಲ್ಲಿ ನನಗೆ ಅತ್ಯಂತ ಸುಖವೆನಿಸಿದ ಬೆಳಗು ಅದು.

ಹೊರಡುವ ದಿನ ಟ್ರಂಕಿನಲ್ಲಿ ಗ್ರಾಫ್ ಪುಸ್ತಕ ಇರಲಿಲ್ಲ. ಚಾಪೆ ಎತ್ತಿ, ಗೋಡೆಯ ಗೂಡುಗಳಲ್ಲಿ ಕೈಯಾಡಿಸಿ ಹುಡುಕಿದೆ. "ರೈಲು ತಪ್ಪೋಯ್ತದೆ ನಡಿಲಾ. ನಾನುಡ್ಕಿ ಅಂಚೇಲಿ ಕಳುಸ್ತೀನಿ," ಎಂದ. ಊರಿಗೆ ಬಂದು ಎರಡು ಕಾಗದ ಹಾಕಿದೆ. ಎಷ್ಟು ಹುಡುಕಿದರೂ ಸಿಗಲಿಲ್ಲ ಎಂದು ಉತ್ತರ ಬಂತು. ಎಲ್ಲೋ ನಾನೇ ಬಿಟ್ಟಿರಬೇಕೆಂದು ನನ್ನನ್ನೇ ಬೈದುಕೊಂಡೆ.

ದೀಪಾವಳಿ ಕಳೆದ ಮೇಲೆ ಗೆಳೆಯ ಕೊಳ್ಳೇಗಾಲಕ್ಕೆ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಚರ್ಮದ ಚೀಲ. ಈಗ ಅಳೆಯುವ ಕೆಲಸವಿಲ್ಲ, ಸೀರೆಯ ಹೊಸ ಮಾದರಿಗಳನ್ನು ನೋಡಿಕೊಳ್ಳುವ ಕೆಲಸ, ಅಂಗಡಿಯ ಸಾಹುಕಾರರು ತುಂಬ ಇಷ್ಟಪಟ್ಟಿದ್ದಾರೆ ಎಂದು ಅಪ್ಪನಿಗೆ ಹೇಳಿದ. ನಮ್ಮ ಮಗ್ಗಕ್ಕೇ ಕೆಲಸ ತಂದಿದ್ದ. ರೇಷ್ಮೆ, ಜರಿ ಎಲ್ಲ ಅಂಗಡಿಯದು, ಕೂಲಿ ನಮ್ಮದು. ಅಪ್ಪನ ಕಣ್ಣು ತುಂಬಿ ಬಂತು. ಅವನು ಚೀಲದಿಂದ ಒಂದು ಹಾಳೆ ತೆಗೆದು ಮಗ್ಗದ ಪಕ್ಕದಲ್ಲಿ ಹರಡಿದ.

"ಮಾವಿನಕಾಯಿ ಅಂಚು. ಪಟ್ಟಣದೋರು ಇದಕ್ಕೆ ಬಿದ್ದು ಸಾಯ್ತಾವ್ರೆ."

ಅದು ನನ್ನ ಹಾಳೆ. ಪೆನ್ಸಿಲ್ಲನ್ನು ಒತ್ತಿ ಬರೆಯುವುದು ನನ್ನ ಅಭ್ಯಾಸ, ಹಿಂದಿನಿಂದ ಮುಟ್ಟಿದರೆ ಗೆರೆ ಉಬ್ಬಿಕೊಂಡಿರುತ್ತದೆ. ಮುಟ್ಟಿ ನೋಡಿದೆ. ಉಬ್ಬಿತ್ತು. ಜಾಗದ ಹೆಸರು ಬರೆದಿದ್ದ ಮೂಲೆಯನ್ನು ಬ್ಲೇಡಿನಲ್ಲಿ ನೀಟಾಗಿ ಕೊಯ್ದು ತೆಗೆದಾಗಿತ್ತು. ನಾನು ತಲೆಯೆತ್ತಿ ಅವನ ಮುಖ ನೋಡಿದೆ. ಅವನು ಅಪ್ಪನ ಜೊತೆ ಜರಿಯ ವಿಚಾರ ಮಾತಾಡುತ್ತಿದ್ದ.

ಊಟ ಮಾಡಿಕೊಂಡು ಹೊರಟ. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಅಂಗಡಿ ಸಾಲು ದಾಟಿದೆವು.

"ಆ ಆಳೆ ನಂದು," ಎಂದೆ ಕೊನೆಗೆ.

ಅವನು ಯಾವ ಹಾಳೆ ಎಂದು ಕೇಳಲಿಲ್ಲ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ನೀನೇ ಬರ್ದಿದ್ದು. ನಾ ಇಲ್ಲ ಅಂದ್ನಾ? ಬರ್ದು ಏನ್ ಮಾಡ್ತಿದ್ದೆ ಯೋಳು. ಟ್ರಂಕ್ನಲ್ಲಿ ಮಡಿಕತಿದ್ದೆ. ನಾನು ಸಾವ್ಕಾರ್ರ ಮುಂದ್ಕೆ ಇಟ್ಟೆ. ಅದ್ಕೇ ತಾನೆ ನಿಮ್ಮಪ್ಪನ್ ಮಗ್ಗ ಇವತ್ತು ಆಡ್ತಿರಾದು?"

"ನನ್ ಎಸ್ರು ಯೋಳಿದ್ರೆ ನಿಂಗೇನ್ ಓಯ್ತಿತ್ತು?"

"ನಿನ್ ಎಸ್ರು ಯೋಳಿದ್ರೆ ನಿನ್ನ ಕರೆಸ್ಕತಿದ್ರು. ನಾನು ಇನ್ನೂ ಅಳತೆ ಕೋಲು ಇಡ್ಕಂಡು ನಿಂತಿರ್ತಿದ್ದೆ."

ಇಷ್ಟು ನೇರವಾಗಿ ಹೇಳುತ್ತಾನೆಂದು ನಾನು ಎಣಿಸಿರಲಿಲ್ಲ. ನನಗೆ ಬೇಕಾದದ್ದು ಬೇರೊಂದು ಉತ್ತರ. "ನನ್ನ ಮದ್ರಾಸ್ಗೆ ಕರೆಸ್ಕಂಡದ್ದೇ ಇದ್ಕಾ?" ಎಂದು ಕೇಳಿದೆ. ಬಸ್ಸು ಬಂದು ನಿಂತಿತು. ಅವನು ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹತ್ತಿದ. ನಾನು ನಿಂತಿದ್ದ ಕಡೆಯ ಕಿಟಕಿಯ ಬದಿಯಲ್ಲಿ ಜಾಗವಿದ್ದರೂ ಆಚೆ ಕಡೆ ಹೋಗಿ ಕೂತ.

ಆ ರಾತ್ರಿಯೇ, ಅವ್ವ, ತಂಗಿ ಒಳಗೆ ಮಲಗಿದ ಮೇಲೆ, ಅಪ್ಪನಿಗೆ ಎಲ್ಲ ಹೇಳಿದೆ. ಅದು ಮಾವಿನಕಾಯಲ್ಲ, ಕಡಲ ದಂಡೆಯ ಕಟ್ಟುಮರ, ಪಕ್ಕದ ಚುಕ್ಕಿ ಕಾಗೆ ಎಂದೆ. ಅಪ್ಪ ಹಾಳೆಯನ್ನು ಬುಡ್ಡಿದೀಪದ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅವರು ಕಡಲು ಕಂಡವರಲ್ಲ.

"ಮಾವಿನಕಾಯಿ ತರಾನೇ ಅದಲ್ಲ ಕಣಪ್ಪ. ಈ ಕಾಗದ ಎಲ್ಲಾ ಅಂಗ್ಡೀಲೂ ಸಿಕ್ತದೆ."

"ನನ್ ಕೈ ಬರವ್ಣಿಗೆ ನಿಂಗೆ ಗುರ್ತು ಸಿಕ್ಕಲ್ವಾ?"

ಅಪ್ಪ ಹಾಳೆಯನ್ನು ಕೆಳಗಿಟ್ಟರು. ಆಮೇಲೆ ಮೆತ್ತಗೆ, "ಅವ್ನು ನಮ್ಮನೇಲಿ ಉಂಡ್ ಬೆಳ್ದೋನು. ಅವನ್ ಏಳ್ಗೆ ನೋಡಿ ಒಟ್ಟೆ ಉರ್ಕಬ್ಯಾಡ ಕಣ್ಲಾ," ಎಂದರು.

ಗೆಳೆಯ ಮಾಡಿದ್ದಕ್ಕಿಂತ ಈ ಮಾತು ನನ್ನನ್ನು ಆಳವಾಗಿ ಕೊಯ್ದಿತು. ನಿಜವಾಗಿ ನಂಬಲಿಲ್ಲವೋ, ನಂಬಿದರೆ ಮಗ್ಗ ಮತ್ತೆ ನಿಲ್ಲುತ್ತದೆ ಎಂದು ಹೆದರಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮರುದಿನ, ಮಗ್ಗದಲ್ಲಿ ಅಂಚಿನ ಚಿತ್ತಾರ ಮೂಡಿಸುವ ರಟ್ಟಿಗೆ ತೂತು ಹೊಡೆಯುವವನನ್ನು ಕರೆಸಿ ಆ ಹಾಳೆಯನ್ನು ಕೊಟ್ಟರು. ತಿಂಗಳು ಕಳೆಯುವುದರಲ್ಲಿ ನನ್ನ ಕಟ್ಟುಮರಗಳು ಜರಿಯಲ್ಲಿ ಒಂದೊಂದಾಗಿ ಅಪ್ಪನ ಮಗ್ಗದಿಂದ ಹೊರಬಂದವು. ಅಂಚು ಚೆನ್ನಾಗಿತ್ತು. ಅದನ್ನೂ ಹೇಳಬೇಕು.

ನಾನು ಬರೆಯುವುದನ್ನು ಬಿಟ್ಟೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಮಾಸ್ತರಿಕೆಯ ತರಬೇತಿ ಮುಗಿಸಿ ಹನೂರಿನ ಶಾಲೆಗೆ ಸೇರಿದೆ. ಗೆಳೆಯ ವರ್ಷಕ್ಕೆರಡು ಸಲ ಬಂದು ಹೋಗುತ್ತಿದ್ದ. ಅವನು ಬರುವ ಸುದ್ದಿ ತಿಳಿದರೆ ಆ ವಾರ ನಾನು ಹನೂರಿನಲ್ಲೇ ಉಳಿಯುತ್ತಿದ್ದೆ. ಶಾಲೆ ಮುಗಿದ ಮೇಲೆ ಒಬ್ಬನೇ ಕೂತು ಆ ಬೇಸಿಗೆಯ ಒಂದೊಂದು ದಿನವನ್ನೂ ತೆಗೆದು ನೋಡುತ್ತಿದ್ದೆ. ಸ್ಟೇಷನ್ನಿನಲ್ಲಿ ಟ್ರಂಕು ಹೊತ್ತದ್ದು ಯಾಕೆ? ಆ ಭಾನುವಾರ ತಲೆಗೆ ನೆರಳು ಹಿಡಿದದ್ದು ಯಾರಿಗೆ, ನನಗೋ, ಹಾಳೆಗೋ? ಹಾಳೆ ಹೋದದ್ದಕ್ಕೆ ಅಷ್ಟು ದುಃಖವಿರಲಿಲ್ಲ. ಇನ್ನೊಂದು ನೂರು ಬರೆಯಬಲ್ಲೆನೆಂಬ ಧೈರ್ಯ ಆಗ ಇತ್ತು. ಆದರೆ ಆ ಪಟ್ಟಣದ ಯಾವ ಬೀದಿಯನ್ನು ನೆನೆದರೂ ಅವನು ಪಕ್ಕದಲ್ಲಿ ನಡೆಯುತ್ತಿರುತ್ತಿದ್ದ, ಅವನ ಮುಖದಲ್ಲಿ ಏನಿತ್ತೆಂದು ಹುಡುಕುವುದೇ ನನ್ನ ಕೆಲಸವಾಯಿತು.

ನಾಲ್ಕು ವರ್ಷದ ಮೇಲೆ ತಂಗಿಯ ಮದುವೆ ಮಾಂಬಳ್ಳಿಯ ಹುಡುಗನ ಜೊತೆ ಗೊತ್ತಾಯಿತು. ಅಪ್ಪ ತಮ್ಮ ಕೈಯಾರೆ ಧಾರೆ ಸೀರೆ ನೇಯ್ದರು, ಅದೇ ಅಂಚು ಹಾಕಿ. ಅವರಿಗೆ ಅದಕ್ಕಿಂತ ಒಳ್ಳೆಯದು ಗೊತ್ತಿರಲಿಲ್ಲ. ತಂಗಿ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ನಾನು ಅಪ್ಪನಿಗೆ ಹಾಳೆಯ ವಿಚಾರ ಹೇಳಿದ ರಾತ್ರಿ ಒಳಗಿನಿಂದ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳಂತೆ, ನನಗೆ ತಿಳಿದಿರಲಿಲ್ಲ. ಅಂಚಿನ ಮೇಲೆ ಬೆರಳಾಡಿಸುತ್ತ ಕೇಳಿದಳು.

"ಅಣ್ಣ, ಇವು ದೋಣಿ ಅಲ್ವಾ? ಸಮುದ್ರ ಎಂಗಿರ್ತದೆ?"

ಎಷ್ಟೋ ಹೇಳಬೇಕೆನಿಸಿತು. ಬಾಯಿ ತೆರೆದೆ. "ಒಂದಿನ ಬೆಳಿಗ್ಗೆ ನಾವಿಬ್ರೂ..." ಎಂದು ಶುರುವಾಯಿತು. ಅಲ್ಲಿಗೇ ನಿಲ್ಲಿಸಿದೆ.

"ನೀರು ಕಣವ್ವ, ಇನ್ನೇನಿರ್ತದೆ," ಎಂದು ಎದ್ದು ಚಪ್ಪರದ ಕೆಲಸ ನೋಡಲು ಹೊರಗೆ ಹೋದೆ.