ಮುತ್ತುಗ ಅರಳುವ ಮೊದಲೇ ಹಚ್ಚಿದ ಬೆಂಕಿ

ಬಸವಕಲ್ಯಾಣದಲ್ಲಿ ನಮ್ಮ ಮನೆತನದ ಮಾತಿಗೆ ನಾಲ್ಕು ತಲೆಮಾರಿನಿಂದ ಬೆಲೆಯಿದೆ. ಹುಮನಾಬಾದ್ ದಾರಿಯ ಗುಡ್ಡದಲ್ಲಿ ಕಾಡು ಬೆಳೆಸಿದವರು ನಮ್ಮ ಅಜ್ಜ. ಬೇಸಿಗೆಯ ಬೆಂಕಿ ಒಳಗೆ ಬಾರದಂತೆ ಕಾಡಿನ ಅಂಚಿನ ಹುಲ್ಲನ್ನು ಮೊದಲೇ ಸುಡುವುದು ಅವರ ಪದ್ಧತಿ. ಅದೂ ಮುತ್ತುಗ ಅರಳಿದ ಮೇಲೆಯೇ. ಕಾನ್ವೆಂಟಿನಲ್ಲಿ ಕಲಿತ ನನಗೆ ಕ್ರಮ ತಪ್ಪುವುದು ಆಗದು.

ಈ ವರ್ಷ ನಾನು ಅಲ್ಲಿಗೆ ಹೋದಾಗ ಮುತ್ತುಗದಲ್ಲಿ ಮೊಗ್ಗೂ ಇರಲಿಲ್ಲ. ಮಂಜಿನೊಳಗೆ ಹೊಗೆ ಬೆರೆತು ಗುಡ್ಡವೇ ನೆಲ ಬಿಟ್ಟು ತೇಲುವಂತಿತ್ತು. ಅದರೊಳಗಿಂದ ಕಾವಲುಗಾರ ಮಹಬೂಬಸಾಬ ನಡೆದು ಬಂದ.

"ಯಾರನ್ನ ಕೇಳಿ ಹಚ್ಚಿದಿ?"

"ಬಿಸಿಲು ಈಗ ಲಗೂ ಬರಾಕತ್ತದ್ರಿ, ಅಮ್ಮಾರ. ಹೂ ಅರಳೂತನಕ ಕುಂತ್ರ ಬೆಂಕಿ ನಮ್ಮ ಕೈಯಾಗ ಇರಂಗಿಲ್ಲ. ಅಜ್ಜಾರಿದ್ರ ಅವರೂ ಹಿಂಗೇ ಮಾಡ್ತಿದ್ರು."

ಅವನು ಅಜ್ಜನ ಹೆಸರೆತ್ತಿದ್ದು ನನಗೆ ಸಹಿಸಲಾಗಲಿಲ್ಲ. ಗುಡ್ಡ ನೋಡಿಕೊಳ್ಳುವ ಸಮಿತಿಗೆ ದೂರು ಕೊಟ್ಟೆ. ಅವರು ಏನೂ ವಿಚಾರಿಸದೆ ಅವನನ್ನು ಕೆಲಸದಿಂದ ತೆಗೆದರು. ಅರ್ಧ ಅಂಚು ಸುಡದೆ ಉಳಿಯಿತು.

ಮುತ್ತುಗ ಅರಳುವ ಮೊದಲೇ ಕಾಡಿಗೆ ಬೆಂಕಿ ಬಂತು. ಅವನು ಸುಟ್ಟ ಕಡೆ ನಿಂತಿತು. ಉಳಿದ ಕಡೆಯಿಂದ ಒಳನುಗ್ಗಿತು. ಬೂದಿ ಹೂವಿನ ಎಸಳಿನಂತೆ ಮೆಲ್ಲಗೆ ನನ್ನ ಸೀರೆಯ ಮೇಲೆ ಇಳಿಯುತ್ತಿತ್ತು.

ಮಹಬೂಬಸಾಬರ ಮನೆಗೆ ಹೋಗಿ ಕ್ಷಮೆ ಕೇಳಿದೆ.

"ಮೊದಲ ಚಾ ಕುಡೀರಿ," ಎಂದರು. ಸಕ್ಕರೆ ಹೆಚ್ಚಾಗಿತ್ತು. ಕುಡಿದೆ.

ಇನ್ನು ನನ್ನ ಮಾತು ಕೇಳಿ ಅವರನ್ನು ತೆಗೆದ ಸಮಿತಿಯವರೂ ಅವರ ಬಾಗಿಲಿಗೆ ಹೋಗಿ ಕ್ಷಮೆ ಕೇಳಬೇಕು.