ಹತ್ತಿ ಚಿಕ್ಕಮ್ಮನ ಬಲಗೈ

ಹಾಸಿಗೆ ಅಂಗಡಿಯ ಒಳಕೋಣೆಗೆ ಬೆಳಗಿನ ಬಿಸಿಲು ಬಂದಾಗ ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲುತ್ತಿದ್ದವು, ಕೆಳಗಿಳಿಯಲೋ ಬೇಡವೋ ಎಂದು ಯೋಚಿಸುತ್ತಿರುವಂತೆ. ಅವುಗಳ ನಡುವೆ ಹತ್ತಿ ಚಿಕ್ಕಮ್ಮ ಕೂತಿರುತ್ತಿದ್ದಳು. ಕೂದಲಲ್ಲಿ ಸದಾ ಹತ್ತಿ ಸಿಕ್ಕಿಕೊಂಡಿರುತ್ತಿದ್ದುದರಿಂದ ಬೀದಿಯ ಮಕ್ಕಳು ಇಟ್ಟ ಹೆಸರು ಅದು. ಎಡಗೈ ಹತ್ತಿ ಹಿಂಜುತ್ತಿತ್ತು. ಬಲಗೈ ಮಡಿಲಲ್ಲಿ ಮಲಗಿರುತ್ತಿತ್ತು. ಸುಟ್ಟ ಚರ್ಮ ಬಿಗಿದು, ಬೆರಳುಗಳು ಮಡಚಿಕೊಂಡು, ನಿದ್ದೆಹೋದ ಕೂಸಿನ ಮುಷ್ಟಿಯ ಹಾಗೆ. ಕನಸಿನಲ್ಲಿ ಮಾತ್ರ ಅದು ಬಿಚ್ಚಿಕೊಂಡು ಸೂಜಿ ಹಿಡಿಯುತ್ತಿತ್ತು, ಆಕಾಶದಷ್ಟು ಅಗಲದ ಹಾಸಿಗೆಗೆ ಹೊಲಿಗೆ ಹಾಕುತ್ತಿತ್ತು.

ಹೊಲಿಗೆಗೆ ಹೋದ ಮನೆಯಲ್ಲಿ ಒಂದು ಬಳೆ ಕದ್ದು ಅವಳು ಜೈಲಿಗೆ ಹೋಗಿದ್ದಳು. ಕದ್ದದ್ದನ್ನು ಎಂದೂ ಅಲ್ಲಗಳೆದವಳಲ್ಲ. ಜೈಲಿನ ಹೊಲಿಗೆ ಕೋಣೆಯಲ್ಲಿ, ಒಂದು ಕಂಬಳಿಯ ಜಗಳಕ್ಕೆ, ರಾತ್ರಿ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದವಳು ಅವಳ ಕೈಯನ್ನು ಮೇಜಿಗೆ ಅದುಮಿ ಕಾದ ಇಸ್ತ್ರಿ ಪೆಟ್ಟಿಗೆ ಇಟ್ಟುಬಿಟ್ಟಳು. ಬಾಗಿಲಲ್ಲಿದ್ದ ವಾರ್ಡನ್ ನೋಡಿ ಬೆನ್ನು ತಿರುಗಿಸಿದಳು. ಡಾಕ್ಟರು ಕೇಳಿದಾಗ ಚಿಕ್ಕಮ್ಮ, ಪೆಟ್ಟಿಗೆ ಜಾರಿತು ಎಂದಳು. ಅಲ್ಲಿ ಎಲ್ಲರೂ ಹೇಳುತ್ತಿದ್ದುದು ಅದನ್ನೇ. ಹಲ್ಲು ಮುರಿದವಳೂ ಜಾರಿದ್ದಳು, ಕಣ್ಣು ಊದಿದವಳೂ ಜಾರಿದ್ದಳು.

ಅವಳು ಬಿಡುಗಡೆಯಾಗಿ ಬಂದ ಮೇಲೆ, ಈಗಲೂ ಆಪರೇಷನ್ ಮಾಡಿದರೆ ಬೆರಳು ಬಿಡಿಸಬಹುದು ಎಂದು ಆಸ್ಪತ್ರೆಯವರು ಹೇಳಿದ್ದರು. ಅಪರಾಧಕ್ಕೆ ತುತ್ತಾದವರಿಗೆ ಪರಿಹಾರ ಕೊಡುವ ಕಚೇರಿಯೊಂದಿದೆ, ಜೈಲಿನೊಳಗೆ ತುತ್ತಾದವರೂ ಕೇಳಬಹುದು ಎಂದಳು ಅವಳ ಕೇಸು ನೋಡುತ್ತಿದ್ದ ವಕೀಲೆ. ಆದರೆ ನಡೆದದ್ದನ್ನು ಚಿಕ್ಕಮ್ಮನೇ ಬಾಯಿಬಿಟ್ಟು ಹೇಳಬೇಕು.

ಸುದ್ದಿ ಕೇಳಿ ಎದುರುಮನೆಯಾಕೆ ಮೂಗು ಮುರಿದಳು. "ಕದ್ದವರಿಗೂ ಪರಿಹಾರವಾ? ಚೆನ್ನಾಗಿದೆ ಕಾಲ!"

ದಿಂಬಿಗೆ ಹತ್ತಿ ತುಂಬುತ್ತಿದ್ದ ಚಿಕ್ಕಮ್ಮನ ಅಕ್ಕ ತಲೆಯೆತ್ತಲಿಲ್ಲ. "ಜಡ್ಜು ಜೈಲು ಅಂದಿದ್ರು ಕಣೇ, ಇಸ್ತ್ರಿ ಅಂದಿರ್ಲಿಲ್ಲ."

ವಿಚಾರಣೆಯ ದಿನ ಕಚೇರಿಯ ಫ್ಯಾನು ತೂಕಡಿಸುತ್ತ ತಿರುಗುತ್ತಿತ್ತು. ಅಧಿಕಾರಿ ಮೆಲ್ಲಗೆ ಕೇಳಿದರು, "ಏನಾಯ್ತಮ್ಮ ಕೈಗೆ?"

"ಜಾರ್ತು ಸಾರ್." ನಾಲಿಗೆ ತನ್ನಷ್ಟಕ್ಕೇ ಹೇಳಿಬಿಟ್ಟಿತು.

ವಕೀಲೆ ಕಣ್ಣು ಮುಚ್ಚಿಕೊಂಡಳು. ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ! ದಾರಿಯುದ್ದಕ್ಕೂ ಏನು ಹೇಳ್ಕೊಟ್ಟೆ ನಾನು?"

"ನೀವು ಸುಮ್ನಿರಿ, ಅವರೇ ಹೇಳ್ಲಿ," ಎಂದರು ಅಧಿಕಾರಿ. "ಜಾರಿದ್ರೆ ನಮ್ಮ ಕೈಲಿ ಏನೂ ಆಗಲ್ಲಮ್ಮ."

ಚಿಕ್ಕಮ್ಮನಿಗೆ ಕೋಣೆ ಮಂಜಿನಲ್ಲಿ ಮುಳುಗಿದಂತಾಯಿತು. ಮಣಿಕಟ್ಟಿನ ಮೇಲೆ ಆ ಹೆಂಗಸಿನ ಭಾರ, ಅವಳ ಸೀರೆಯ ಸಾಬೂನಿನ ವಾಸನೆ. ಬಾಗಿಲ ಕಡೆ ನೋಡಿದಳು. ಅಲ್ಲಿ ವಾರ್ಡನ್ ಇರಲಿಲ್ಲ. ಹೊರಗೆ ಯಾರೋ ಹಾಡು ಗುನುಗುತ್ತ ಸೈಕಲ್ ಒರೆಸುತ್ತಿದ್ದ.

"ಜಾರ್ಲಿಲ್ಲ ಸಾರ್. ಕೈ ಹಿಡ್ಕೊಂಡು ಒತ್ತಿದ್ಲು. ವಾರ್ಡನ್ ಮೇಡಂ ನೋಡಿ ಆಕಡೆ ತಿರುಗಿದ್ರು."

"ಆಗ ಯಾಕೆ ಹೇಳ್ಲಿಲ್ಲ?"

"ರಾತ್ರಿ ಅವಳ ಪಕ್ಕದಲ್ಲೇ ಮಲಗ್ಬೇಕಿತ್ತಲ್ಲ ಸಾರ್."

ಅಧಿಕಾರಿಯ ಪೆನ್ನು ನಿಂತಿತು. ಒತ್ತಿ ಹಿಡಿದರಷ್ಟೇ ಇಷ್ಟು ಆಳ ಸುಡುತ್ತದೆ ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದ ಸಾಲನ್ನು ಅವರು ಮತ್ತೊಮ್ಮೆ ಓದಿದರು. ಆಪರೇಷನ್ನಿನ ಖರ್ಚು ಮಂಜೂರಾಯಿತು.

ಮರಳುವ ಬಸ್ಸು ಬಿಸಿಲಿನಲ್ಲಿ ದೋಣಿಯಂತೆ ತೇಲುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೈ ನೋಡಿ "ಏನಾಯ್ತು ಮಗಳೇ?" ಎಂದದ್ದೇ ತಡ, ಚಿಕ್ಕಮ್ಮ ಎಲ್ಲವನ್ನೂ ಹೇಳಿದಳು. ಟಿಕೆಟ್ ಕೇಳಲು ಬಂದ ಕಂಡಕ್ಟರಿಗೂ ಹೇಳಿದಳು.

"ಸಾಕು ಸುಮ್ನಿರೇ," ಅಕ್ಕ ಸೆರಗು ಜಗ್ಗಿದಳು. "ಬಸ್ಸಿಗೆಲ್ಲ ಹೇಳ್ಕೊಂಡು ಬರ್ತೀಯಾ?"

"ಬರ್ತೀನಿ ಬಿಡಕ್ಕ," ಎಂದು ಚಿಕ್ಕಮ್ಮ ಮುಂದಿನ ಸೀಟಿನವಳ ಭುಜ ತಟ್ಟಿದಳು.